ತಲೆ ಕಡೆ, ಕಾಲ ಕಡೆ

ಸೊಲ್ಲಾಪುರದ ದವಾಖಾನ್ಯಾಗ ಗೋಡಿಗೆ ಅಕ್ಷರ ಇದ್ದಿಲ್ಲ.
ಮೂರು ಹಲ್ಲಿನ ಒಂದು ಗುರ್ತು ಇತ್ತು,
ಮುರದ ಬಾಚಣಿಕಿ ಹಂಗ.
ಹಲ್ಲು ಯಾ ಕಡೆ ಅದಾವ ಹೇಳು ಆಜಿ,
ಅಂದಳು ನರ್ಸು ಮರಾಠ್ಯಾಗ.
ನಾ ಕೈಲೇ ತೋರಿಸಿದೆ: ಮ್ಯಾಲ. ಕೆಳಗ. ಎಡಕ್ಕ.
ಕಡೀ ಸಾಲಿನ ತನಕ.
ಪಾಸಾದಿ, ಅಂದಳು.
ಎರಡನೇತ್ತೆಗೆ ಕನ್ನಡ ಸಾಲಿ ಬಿಟ್ಟ ಮ್ಯಾಲ
ಆ ಮಾತು ನನಗ ಯಾರೂ ಅಂದಿದ್ದಿಲ್ಲ.

ಬಲಗಣ್ಣಾಗ ಈಗ ಒಂದು ಬಿಲ್ಲೆ ಅದ,
ಕಡ್ಲಿಬ್ಯಾಳಿಯಷ್ಟು.
ಅದರ ನಂಬರು ಚೀಟಿ ಮ್ಯಾಲ ಬರದು ಕೊಟ್ಟಾರ: ಇಪ್ಪತ್ತೆರಡೂವರಿ.
ಕಳಕೊಬ್ಯಾಡ ಅಂದಾರ.
ಎಲಿಯಡಿಕಿ ಚೀಲದಾಗ ಇಟ್ಟೀನಿ,
ಸುಣ್ಣ ತಾಗಿ ಆ ಅರ್ಧ ಈಗೇ ಅಳಿಸಿ ಹೋಗ್ಯದ.

ಮೈಂದರ್ಗಿಗೆ ಬಂದು ಇಳದಾಗ
ಅಫಜಲಪುರದ ಬಸ್ಸಿನ ಬೋರ್ಡು ಓದಿದೆ, ನಿಂತಲ್ಲಿಂದಲೇ.
ನೀರಿನ ಟಾಕಿ ಮ್ಯಾಲ ಕುಂತ ಗಿಣಿ,
ಬೀಗರ ಮನಿ ಗೋಡಿ ಬಿರುಕು,
ನನ್ನ ಕೈ ಮ್ಯಾಲಿನ ಸುಕ್ಕು,
ಎಲ್ಲಾ ಒಮ್ಮೆಲೇ ಎದುರಿಗೆ ನಿಂತವು
ಸಾಲ ಕೇಳಲಿಕ್ಕೆ ಬಂದವರ ಹಂಗ.
ಸೂಜಿ ಕಣ್ಣು ಮಾತ್ರ ಕಾಣಲಿಲ್ಲ.
ಈ ಬಿಲ್ಲೆ ದೂರದ್ದು ಆಜಿ, ಅಂದ ಡಾಕ್ಟರ್, ಹತ್ತಿರಕ್ಕ ಚಷ್ಮಾ ಬೇಕು.
ನಲವತ್ತು ವರ್ಷ ಕೌದಿ ಹೊಲದಾಕಿ ನಾ.
ದೂರದ್ದು ಯಾರು ಕೇಳಿದ್ದರು?
ಈಗೂ ಬಾಜೂಮನಿ ಮುಬೀನಾನ ದಾರಾ ಪೋಣಿಸತಾಳ,
ಸಾಲಿಗೆ ಹೋಗೂ ಮುಂಚೆ
ಹತ್ತು ಸೂಜಿ, ದಿಂಬಿಗೆ ಚುಚ್ಚಿ.

ಬಣ್ಣದ್ದು ಯಾರೂ ಮೊದಲ ಹೇಳಿದ್ದಿಲ್ಲ.
ಎಡಗಣ್ಣು ಮುಚ್ಚಿದರ ಸುಣ್ಣದ ಗೋಡಿ, ಸುಣ್ಣ.
ಬಲಗಣ್ಣು ಮುಚ್ಚಿದರ ಅದೇ ಗೋಡಿ
ಹಳೇ ತುಪ್ಪ.
ಎಷ್ಟು ವರ್ಷ ಈ ತುಪ್ಪದಾಗ ಮುಳುಗಿ ಹೊಲದೀನಿ ನಾ?

ಹದಿನೆಂಟನೇ ದಿನ ಕೌದಿ ಬಿಸಲಿಗೆ ಹಾಕಿದೆ.
ಮಾರೂದಲ್ಲ, ನಂದು, ನಾ ಹೊದಿಯೂದು.
ಅಕ್ಕ ಕಾಶವ್ವ ಹ್ವಾದ ವರ್ಷ ಹೊಲದದ್ದು.
ಆಕಿ ಕಡುನೀಲಿ ನೂಲಿನ ಸೀರಿ
ಗೇಣುದ್ದ ಕತ್ತರಿಸಿ ತಲೆ ಕಡೆ ಹಚ್ಚಿದ್ದೆ,
ಗಲ್ಲಕ್ಕ ಬರೂ ಹಂಗ.
ಆರು ವರ್ಷ ಅದರ ಕೂಡ ಮಾತಾಡಿ ಮಲಗೀನಿ.
ಸೊಸಿ ಮ್ಯಾಲಿನ ದೂರೂ ಅದಕ್ಕೇ ಹೇಳೀನಿ.

ಬಿಸಲಾಗ ನೋಡತೀನಿ:
ಬದನಿಕಾಯಿ ಬಣ್ಣ.
ಸೀರೀನೇ ಅಲ್ಲ, ಪರಕಾರ.
ಹತ್ತೂರೆ ಮನಿಯವರು ಕೊಟ್ಟ ಚಿಂದಿ ಗಂಟಿನ್ಯಾಗ ಬಂದದ್ದು,
ಲಾಡಿ ಹೊಲಿಗಿ ಗುರ್ತು ಸಮೇತ.

ನೀಲಿ ಹುಡುಕಿದೆ.
ಕಾಲ ಕಡೆ ಇತ್ತು, ಮೂಲ್ಯಾಗ,
ಹಿಮ್ಮಡ ತಿಕ್ಕಿ ತಿಕ್ಕಿ
ಬಿಸಲು ಆಚೆಯಿಂದ ಈಚೆಗೆ ಬರುವಷ್ಟು ತೆಳ್ಳಗಾಗಿ.

ತಿಂಗಳ ತನಕ ಅಳಬಾರದು ಅಂದಿದ್ದರು.
ಇನ್ನ ಹನ್ನೆರಡು ದಿನ ಇತ್ತು.
ನಗೂದರ ಬಗ್ಗೆ ಏನೂ ಅಂದಿದ್ದಿಲ್ಲ,
ಹಂಗಾಗಿ ಮಾಳಿಗಿ ಮ್ಯಾಲ ಒಬ್ಬಾಕೀನೇ ನಿಂತು ನಕ್ಕೆ.
ಕಾಶವ್ವ ಇದ್ದಿದ್ದರ ಓಣಿ ತುಂಬ ಹೇಳಿಬರತಿದ್ದಳು:
ಖಾಸ ತಂಗಿ, ನನ್ನ ಕಾಲಾಗ ಹಾಕಿ
ಯಾರದೋ ಪರಕಾರಕ್ಕ ಮುದ್ದು ಕೊಟ್ಟಳು ನೋಡ್ರಿ.

ರಾತ್ರಿ ಕೌದಿ ತಿರುಗಿಸಿದೆ, ಕಾಲ ಕಡೇದು ತಲೆಗೆ.
ನಿದ್ದಿ ಬರಲಿಲ್ಲ.
ಕರೆಂಟ್ ಕಂಬದ ದೀಪದ ಸುತ್ತ
ಬಲಗಣ್ಣಿಗೆ ಒಂದು ಬಳಿ ಕಾಣತದ,
ಎಡಗಣ್ಣಿಗೆ ದೀಪಾನ ಸರಿಯಾಗಿಲ್ಲ.
ಬಳಿ, ಬರೇ ದೀಪ, ಬಳಿ, ಬರೇ ದೀಪ, ಎಷ್ಟೊತ್ತು ಆಡಿದೆನೋ.
ಕಣ್ಣಿಗೆ ತಿಳದದ್ದು ಗಲ್ಲಕ್ಕ ತಿಳದಿಲ್ಲ,
ಅದು ಬದನಿಕಾಯಿನ ಕೇಳತದ.
ನಡುರಾತ್ರಿ ಎದ್ದು ಮತ್ತ ಮೊದಲಿನಂಗ ಹಾಕಿಕೊಂಡೆ,
ನೀಲಿ ಮೂಲಿ ಮ್ಯಾಲಕ್ಕ ಮಡಚಿ,
ಕಾಲು ಈಚೆ ಎಳಕೊಂಡು.

ಎಡಗಣ್ಣಿಗೆ ಮುಂದಿನ ಹನ್ನೊಂದಕ್ಕ ತಾರೀಖು ಕೊಟ್ಟಾರ.
ಹೋಗತೀನಿ.
ಅದಕ್ಕೂ ಮುಂಚೆ ಹತ್ತೂರೆ ಮನಿಗೆ ಹೋಗಿ ಕೇಳಬೇಕು,
ಆ ಪರಕಾರ ಯಾರದಿತ್ತಪ್ಪಾ ಅಂತ.
ಆರು ವರ್ಷ ನಂದೆಲ್ಲ ಕೇಳಿಸಿಕೊಂಡದ.